ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಡಿಸ್ಕ್ ಲೈಬ್ರರಿಯ ಪೆಟ್ಟಿಗೆ ತೆರೆದಾಗ

ಈ ಸಲದ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಕಂಪ್ಯೂಟರ್ ಬಳಕೆದಾರರ ಬಳಗಗಳು ಒಂದು ಕಾಲದಲ್ಲಿ ತಮ್ಮ ಸದಸ್ಯರಿಗಾಗಿ ನಡೆಸುತ್ತಿದ್ದ ಡಿಸ್ಕ್ ಲೈಬ್ರರಿಗಳ ಕುರಿತು ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡು, ಬರೆದವರ ಹೆಸರುಗಳನ್ನು ಬಿಟ್ಟು, ಪ್ರಶ್ನೆಯ ತಿರುಳನ್ನಷ್ಟೇ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಸೋದರಮಾವನವರು ಬಹಳ ಹಿಂದೆ ಕಂಪ್ಯೂಟರ್ ಬಳಕೆದಾರರ ಬಳಗವೊಂದರ ಸದಸ್ಯರಾಗಿದ್ದರು. ಅವರು ಬಿಟ್ಟುಹೋದ ಎರಡು ಪೆಟ್ಟಿಗೆಗಳ ತುಂಬ ಫ್ಲಾಪಿಗಳಿವೆ. ಪ್ರತಿಯೊಂದರ ಮೇಲೂ ‘ಲೈಬ್ರರಿ’ ಎಂಬ ಪದವೂ ಒಂದು ಸಂಖ್ಯೆಯೂ ಇದೆ. ಇದು ಯಾವ ಬಗೆಯ ಲೈಬ್ರರಿ?

ಉತ್ತರ: ಬಳಗದ ಸದಸ್ಯರು ತಾವೇ ಬರೆದ ಅಥವಾ ಬರೆದವರಿಂದ ಕೇಳಿ ತಂದ ಪ್ರೋಗ್ರಾಂಗಳನ್ನು ಒಟ್ಟುಗೂಡಿಸಿ, ಡಿಸ್ಕಿಗೊಂದು ಸಂಖ್ಯೆ ಕೊಟ್ಟು, ಬೇಕೆಂದವರಿಗೆ ಪ್ರತಿ ಮಾಡಿಕೊಡುತ್ತಿದ್ದ ಸಂಗ್ರಹವದು. ಲೈಬ್ರರಿ ಎಂಬ ಹೆಸರಿದ್ದರೂ ಅಲ್ಲಿ ಎರವಲು ಎಂಬುದಿರಲಿಲ್ಲ. ಪುಸ್ತಕ ಒಯ್ದವರು ಅದನ್ನು ಹಿಂದಿರುಗಿಸಬೇಕು. ಇಲ್ಲಿ ಒಯ್ಯುತ್ತಿದ್ದುದೇ ಪ್ರತಿಯನ್ನಾದ್ದರಿಂದ ಮೂಲ ಡಿಸ್ಕ್ ಗ್ರಂಥಪಾಲಕರ ಕೈಬಿಟ್ಟು ಹೋಗುತ್ತಿರಲಿಲ್ಲ. ಸದಸ್ಯರು ಖಾಲಿ ಫ್ಲಾಪಿಯನ್ನು ತಂದುಕೊಡುವುದು, ಅಥವಾ ಫ್ಲಾಪಿಯ ಬೆಲೆಯ ಮೇಲೆ ಪ್ರತಿ ಮಾಡುವ ಅಲ್ಪ ಶುಲ್ಕವನ್ನು ತೆರುವುದು, ಸಭೆಯ ಮುಂದಿನ ಸಾಲಿನಲ್ಲಿ ಭಾಷಣ ನಡೆಯುತ್ತಿರುವಾಗಲೇ ಹಿಂದಿನ ಮೇಜಿನ ಬಳಿ ಎರಡು ಡ್ರೈವಿನ ಯಂತ್ರವೊಂದು ಗರಗರ ಸದ್ದು ಮಾಡುತ್ತ ಪ್ರತಿ ತೆಗೆಯುವುದು, ಇವೆಲ್ಲ ಆ ಕಾಲದ ವಾಡಿಕೆ.

ಈ ಪದ್ಧತಿ ಫ್ಲಾಪಿಗಿಂತ ಹಳೆಯದು. ಐಬಿಎಂ 704 ಯಂತ್ರವನ್ನು ಬಳಸುತ್ತಿದ್ದ ಸಂಸ್ಥೆಗಳು 1955ರಲ್ಲಿ ‘ಶೇರ್’ ಎಂಬ ಕೂಟವನ್ನು ಕಟ್ಟಿಕೊಂಡು ತಮ್ಮ ಪ್ರೋಗ್ರಾಂಗಳನ್ನು ಪರಸ್ಪರ ಹಂಚಿಕೊಳ್ಳತೊಡಗಿದವು. ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪನಿಯ ಯಂತ್ರಗಳ ಬಳಕೆದಾರರ ಕೂಟವಾದ ‘ಡೆಕಸ್’ 1961ರಲ್ಲಿ ಹುಟ್ಟಿ, ಅದೂ ತನ್ನದೇ ಪ್ರೋಗ್ರಾಂ ಲೈಬ್ರರಿಯನ್ನು ಬೆಳೆಸಿತು. ಮನೆಗಳಿಗೆ ಕಂಪ್ಯೂಟರ್ ಬಂದ ಮೇಲೆ ಸಿಪಿ/ಎಂ ಎಂಬ ಆ ಕಾಲದ ಕಾರ್ಯಾಚರಣ ವ್ಯವಸ್ಥೆಯ ಬಳಕೆದಾರರು 8 ಇಂಚಿನ ಡಿಸ್ಕುಗಳಲ್ಲೂ, ಕಮಡೋರ್ ಯಂತ್ರದವರು ಟೊರಾಂಟೊ ಪೆಟ್ ಯೂಸರ್ಸ್ ಗ್ರೂಪಿನಂಥ ಬಳಗಗಳ ಮೂಲಕವೂ ಅದೇ ಕೆಲಸವನ್ನು ಮುಂದುವರಿಸಿದರು. ಅಮಿಗಾ ಯಂತ್ರಕ್ಕಾಗಿ ಫ್ರೆಡ್ ಫಿಶ್ ಎಂಬ ಪ್ರೋಗ್ರಾಮರ್ ಒಬ್ಬರೇ ಸಂಪಾದಿಸಿದ ಸರಣಿ 1986ರಿಂದ 1994ರ ವರೆಗೆ ನಡೆದು, ಅದರ ಡಿಸ್ಕುಗಳ ಸಂಖ್ಯೆ ಸಾವಿರವನ್ನು ದಾಟಿತು. ಜಗತ್ತಿನ ಎಷ್ಟೋ ಬಳಗಗಳ ಲೈಬ್ರರಿಗೆ ಅದೇ ಬೆನ್ನೆಲುಬಾಗಿತ್ತು. ಒಂದು ಅಮಿಗಾ ಡಿಸ್ಕಿನಲ್ಲಿ 880 ಕಿಲೋಬೈಟ್ ಹಿಡಿಸುತ್ತಿತ್ತು. ಹಾಗೆಂದರೆ ಆ ಸಾವಿರ ಡಿಸ್ಕುಗಳು ಒಟ್ಟಾಗಿ ಒಂದು ಗಿಗಾಬೈಟನ್ನೂ ತುಂಬುವುದಿಲ್ಲ!

ಡಿಸ್ಕನ್ನೇ ಕೈಯಿಂದ ಕೈಗೆ ಏಕೆ ದಾಟಿಸಬೇಕಿತ್ತು ಎಂಬುದಕ್ಕೆ ಲೆಕ್ಕವೇ ಉತ್ತರ. ಸಿಪಿ/ಎಂ ಬಳಗದವರ 8 ಇಂಚಿನ ಡಿಸ್ಕಿನಲ್ಲಿ ಬಳಕೆಗೆ ಸಿಗುತ್ತಿದ್ದುದು 241 ಕಿಲೋಬೈಟ್. ಸೆಕೆಂಡಿಗೆ 300 ಬಿಟ್ ಸಾಗಿಸುವ ಅಂದಿನ ಮೋಡೆಮಿನಲ್ಲಿ ಅಷ್ಟನ್ನು ಕಳಿಸಲು ಎರಡು ಗಂಟೆಗೂ ಹೆಚ್ಚು ಕಾಲ ಟೆಲಿಫೋನ್ ತಂತಿಯನ್ನು ಹಿಡಿದಿಟ್ಟುಕೊಳ್ಳಬೇಕಿತ್ತು. ನಡುವೆ ಒಂದು ಗೊರಗುಟ್ಟುವ ಸದ್ದು ಬಂದರೂ ಫೈಲ್ ಕೆಟ್ಟಂತೆಯೇ. ಆ ತೊಂದರೆಯನ್ನು ನೀಗಿಸಲು ವಾರ್ಡ್ ಕ್ರಿಸ್ಟೆನ್‌ಸನ್ 1977ರಲ್ಲಿ ಬರೆದು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟ ಪ್ರೋಗ್ರಾಂ, ಮುಂದೆ ಎಕ್ಸ್‌ಮೋಡೆಮ್ ಎಂದು ಹೆಸರಾದದ್ದು, ಹರಡಿದ್ದು ಕೂಡ ಬಳಗದ ಡಿಸ್ಕಿನ ಮೂಲಕವೇ. ಡಿಸ್ಕಿನ ಅಗತ್ಯವನ್ನು ತಪ್ಪಿಸಿದ ಸಾಧನವನ್ನು ಡಿಸ್ಕೇ ಹೊತ್ತು ತಿರುಗಿತು.

ಪ್ರಶ್ನೆ: ನನ್ನ ಬಳಿಯ ಲೈಬ್ರರಿ ಡಿಸ್ಕುಗಳ ಲೇಬಲಿನ ಮೇಲೆ ‘ಪಬ್ಲಿಕ್ ಡೊಮೇನ್’ ಎಂದೇ ಅಚ್ಚಾಗಿದೆ. ಹಾಗಾದರೆ ಇವುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಆಸಕ್ತರಿಗೆ ಮಾರಲು ಅಡ್ಡಿಯಿಲ್ಲವಷ್ಟೆ?

ಉತ್ತರ: ಅಡ್ಡಿಯಿದೆ. ಆ ಲೇಬಲನ್ನು ಅಂಟಿಸಿದವರು ಬಳಗದವರೇ ಹೊರತು ಪ್ರೋಗ್ರಾಂ ಬರೆದವರಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅಂಗಡಿಯಲ್ಲಿ ಮಾರಾಟಕ್ಕಿರುವ ತಂತ್ರಾಂಶವನ್ನು ನಮ್ಮ ಮೇಜಿನಲ್ಲಿ ಪ್ರತಿ ಮಾಡಿಕೊಡುವುದಿಲ್ಲ, ಇಲ್ಲಿರುವುದು ಧಾರಾಳವಾಗಿ ಹಂಚಬಹುದಾದದ್ದು ಮಾತ್ರ ಎಂದು ಸಾರುವುದಕ್ಕೆ ಬಳಗಗಳು ಆ ಪದವನ್ನು ಬಳಸಿದವು. ಆಡುಮಾತಿನಲ್ಲಿ ಅದಕ್ಕೆ ‘ಬಿಟ್ಟಿಯಾಗಿ ಸಿಗುವುದು’ ಎಂಬಷ್ಟೇ ಅರ್ಥವಿತ್ತು. ಕಾನೂನಿನಲ್ಲಿ ಅದರ ಅರ್ಥ ಬೇರೆ: ಹಕ್ಕುಸ್ವಾಮ್ಯವೇ ಇಲ್ಲದ, ಯಾರ ಅಪ್ಪಣೆಯನ್ನೂ ಕೇಳದೆ ತಿದ್ದಬಹುದಾದ, ಮಾರಲೂಬಹುದಾದ ಕೃತಿ. ಬಿಟ್ಟಿಯಾಗಿ ಸಿಕ್ಕದ್ದೆಲ್ಲ ಹಾಗಿರುವುದಿಲ್ಲ.

ನಿಮ್ಮ ಪೆಟ್ಟಿಗೆಯಲ್ಲಿ ಬಹುಶಃ ನಾಲ್ಕು ಬಗೆಯವು ಬೆರೆತಿರುತ್ತವೆ. ಬರೆದವರು ತಮ್ಮ ಹಕ್ಕನ್ನು ಸ್ಪಷ್ಟ ಮಾತುಗಳಲ್ಲಿ ಬಿಟ್ಟುಕೊಟ್ಟವು ಮೊದಲನೆಯ ಬಗೆ. ಇವನ್ನು ಮಾತ್ರ ನಿಜವಾದ ಅರ್ಥದಲ್ಲಿ ಸಾರ್ವಜನಿಕ ಸ್ವತ್ತು ಎನ್ನಬಹುದು. ಹಕ್ಕನ್ನು ಉಳಿಸಿಕೊಂಡೇ ಪ್ರತಿ ಮಾಡಲು ಅನುಮತಿ ಕೊಟ್ಟವು ಎರಡನೆಯ ಬಗೆ. ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂಬ ಸಾಲು ಸಿಪಿ/ಎಂ ಕಾಲದ ಸೋರ್ಸ್ ಫೈಲುಗಳ, ಎಂದರೆ ಪ್ರೋಗ್ರಾಂ ಬರೆದ ಮೂಲ ಪಠ್ಯದ ಫೈಲುಗಳ, ತಲೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ, ಮತ್ತು ನಿಮ್ಮ ಮಾರಾಟದ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಮೂರನೆಯದು ಶೇರ್‌ವೇರ್. ಆಂಡ್ರೂ ಫ್ಲೂಗಲ್‌ಮನ್ 1982ರಲ್ಲಿ ಪಿಸಿ-ಟಾಕ್ ಎಂಬ ಸಂವಹನ ಪ್ರೋಗ್ರಾಂ ಬರೆದು, ಇಷ್ಟವಾದರೆ 25 ಡಾಲರ್ ಕಳಿಸಿ, ಸ್ನೇಹಿತರಿಗೂ ಪ್ರತಿ ಮಾಡಿಕೊಡಿ ಎಂದು ಕೇಳಿಕೊಂಡರು. ಅದೇ ಸುಮಾರಿಗೆ ಜಿಮ್ ನಾಫ್ ಪಿಸಿ-ಫೈಲನ್ನೂ, ತುಸು ಆನಂತರ ಬಾಬ್ ವಾಲೇಸ್ ಪಿಸಿ-ರೈಟನ್ನೂ ಅದೇ ದಾರಿಯಲ್ಲಿ ಕಳಿಸಿದರು. ಪ್ರತಿ ಮಾಡುವುದು ಉಚಿತ, ಬಳಸುತ್ತ ಹೋಗುವುದು ಉಚಿತವಲ್ಲ ಎಂಬ ಈ ಏರ್ಪಾಡಿನಲ್ಲಿ ಬಳಗದ ಲೈಬ್ರರಿಯೇ ಅವರ ಅಂಗಡಿ. ಜೊತೆಗಿರುವ ಓದು-ಫೈಲಿನಲ್ಲಿ (ರೀಡ್‌ಮಿ) ಬಳಗಗಳು ಪ್ರತಿಯ ಖರ್ಚಿಗಿಂತ ಹೆಚ್ಚು ಪಡೆಯಬಾರದು, ಯಾವ ಫೈಲನ್ನೂ ಕೈಬಿಡಬಾರದು ಎಂಬ ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ನಾಲ್ಕನೆಯ ಬಗೆ, ಅಲ್ಲಿರಲೇಬಾರದಿದ್ದದ್ದು: ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸದಸ್ಯರೊಬ್ಬರು ಸಾಲು ಸಾಲಾಗಿ ಟೈಪ್ ಮಾಡಿ ತಂದುಕೊಟ್ಟದ್ದು, ಮಾರಾಟದ ತಂತ್ರಾಂಶದ ಒಂದು ತುಣುಕು, ಯಾರದೋ ಆಟದ ಹೆಸರು ಬದಲಿಸಿದ ಪ್ರತಿ. ಎಚ್ಚರದ ಸಂಪಾದಕರ ಕಣ್ಣನ್ನೂ ಇವು ತಪ್ಪಿಸುತ್ತಿದ್ದವು. ಫಿಶ್ ಅವರೂ ಹಕ್ಕುಸ್ವಾಮ್ಯದ ತೊಡಕು ಗೊತ್ತಾದ ಮೇಲೆ ಕೆಲವು ಡಿಸ್ಕುಗಳನ್ನು ಹಿಂತೆಗೆದುಕೊಂಡದ್ದುಂಟು.

‘ಹಕ್ಕುಸ್ವಾಮ್ಯದ ಸೂಚನೆಯೇ ಇಲ್ಲದಿದ್ದರೆ ಏನು?’ ಎಂದು ನೀವು ಮರುಪ್ರಶ್ನೆ ಹಾಕಬಹುದು. ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಹಕ್ಕು ಕೃತಿಯೊಡನೆಯೇ ಹುಟ್ಟುತ್ತದೆ, ಸೂಚನೆಯನ್ನು ಬರೆದಿರಲೇಬೇಕೆಂದಿಲ್ಲ. ಅಮೆರಿಕ ಮಾತ್ರ ಆ ಒಪ್ಪಂದವನ್ನು ಜಾರಿಗೆ ತಂದದ್ದು 1989ರ ಮಾರ್ಚ್ 1ರಂದು. ಅದಕ್ಕೂ ಮುಂಚೆ ಅಲ್ಲಿ ಸೂಚನೆಯಿಲ್ಲದೆ ಪ್ರಕಟವಾದ ಕೃತಿ ತನ್ನ ಹಕ್ಕನ್ನು ಕಳೆದುಕೊಳ್ಳುವ ಸಾಧ್ಯತೆಯಿತ್ತು. ಹೀಗಾಗಿ 1980ರ ದಶಕದ ನಡುಭಾಗದ ಅಮೆರಿಕದ ಪ್ರೋಗ್ರಾಂ ಒಂದರ ಸ್ಥಿತಿಯನ್ನು ದೂರದಿಂದ ನೋಡಿ ಹೀಗೆಯೇ ಎಂದು ಹೇಳಲಾಗದು. ಅವಧಿ ಮುಗಿದು ತಾನಾಗಿ ಬಿಡುಗಡೆಯಾಗಿರಬಹುದೆಂಬ ಆಸೆಯೂ ಬೇಡ: ಬರ್ನ್ ಒಪ್ಪಂದದ ಕನಿಷ್ಠ ಅವಧಿಯೇ ಲೇಖಕರ ಜೀವಿತಕಾಲ ಮತ್ತು ಆಮೇಲಿನ 50 ವರ್ಷ.

ಮಾರುವ ವಿಚಾರವನ್ನು ಬಿಟ್ಟು, ಡಿಸ್ಕಿನೊಳಗಿನ ಓದು-ಫೈಲುಗಳನ್ನು ಒಂದೊಂದಾಗಿ ತೆರೆದು, ಪ್ರತಿ ಪ್ರೋಗ್ರಾಂ ಯಾವ ಬಗೆಗೆ ಸೇರಿದ್ದೆಂದು ಪಟ್ಟಿ ಮಾಡುವುದು ನೀವು ಮಾಡಬಹುದಾದ ಉಪಯುಕ್ತ ಕೆಲಸ. ಏನೂ ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯಿರಿ. ಲೇಬಲಿನ ಮಾತನ್ನು ಪಟ್ಟಿಗೆ ಇಳಿಸಬೇಡಿ.

ಪ್ರಶ್ನೆ: ಒಂದೂಕಾಲು ಅಡಿ ಉದ್ದದ ಪೆಟ್ಟಿಗೆಯಲ್ಲಿ ಐದೂಕಾಲು ಇಂಚಿನ ಡಿಸ್ಕುಗಳಿವೆ, ಕೆಲವು ಮೂರೂವರೆ ಇಂಚಿನವು. ಯುಎಸ್‌ಬಿ ಫ್ಲಾಪಿ ಡ್ರೈವೊಂದನ್ನು ಕೊಂಡೆ. ಮೂರೂವರೆ ಇಂಚಿನವುಗಳಲ್ಲೂ ಅರ್ಧವನ್ನು ಅದು ‘ಫಾರ್ಮ್ಯಾಟ್ ಆಗಿಲ್ಲ’ ಎನ್ನುತ್ತಿದೆ. ಎಲ್ಲ ಹಾಳಾಗಿವೆಯೇ?

ಉತ್ತರ: ‘ಫಾರ್ಮ್ಯಾಟ್ ಮಾಡಲೇ?’ ಎಂದು ಯಂತ್ರ ಕೇಳಿದಾಗ ನೀವು ಬೇಡವೆಂದಿರುವಿರೆಂದು ನಂಬಿದ್ದೇವೆ. ಡಿಸ್ಕುಗಳು ಚೆನ್ನಾಗಿಯೇ ಇರುವ ಸಾಧ್ಯತೆಯಿದೆ. ಅಂಥ ಡ್ರೈವ್ ಅರಿತಿರುವುದು ಐಬಿಎಂ ಪಿಸಿ ಮಾದರಿಯ 1.44 ಮೆಗಾಬೈಟಿನ, ಹೆಚ್ಚೆಂದರೆ 720 ಕಿಲೋಬೈಟಿನ ಬರಹವನ್ನು ಮಾತ್ರ. ಅಮಿಗಾ ತನ್ನ 880 ಕಿಲೋಬೈಟನ್ನು ಅದೇ ಮೂರೂವರೆ ಇಂಚಿನ ಡಿಸ್ಕಿನ ಮೇಲೆ ಬೇರೊಂದು ಕ್ರಮದಲ್ಲಿ ಬರೆಯುತ್ತದೆ. ಹಳೆಯ ಮ್ಯಾಕಿಂತೋಷಿನ 800 ಕಿಲೋಬೈಟ್ ಡಿಸ್ಕುಗಳಲ್ಲಿ ಒಳಸುತ್ತು ಹೊರಸುತ್ತುಗಳಿಗೆ ತಿರುಗುವ ವೇಗವೇ ಬೇರೆ. ಕಮಡೋರ್ 1541 ಡ್ರೈವಿನ ಐದೂಕಾಲು ಇಂಚಿನ ಡಿಸ್ಕಿನದು ಮತ್ತೊಂದೇ ಲಿಪಿ, 256 ಬೈಟುಗಳ 683 ತುಂಡುಗಳು. ಆದ್ದರಿಂದ ಓದುವ ಮೊದಲು ಡಿಸ್ಕುಗಳನ್ನು ಯಂತ್ರವಾರು ವಿಂಗಡಿಸಿ. ಕಾಂತೀಯ ಏರಿಳಿತವನ್ನು ಇದ್ದಂತೆಯೇ ದಾಖಲಿಸಿಕೊಳ್ಳುವ ಗ್ರೀಸ್‌ವೀಸಲ್ ಅಥವಾ ಕ್ರಯೋಫ್ಲಕ್ಸ್‌ನಂಥ ಫಲಕವನ್ನು ಸಾಧಾರಣ ಪಿಸಿ ಫ್ಲಾಪಿ ಡ್ರೈವಿಗೆ ಜೋಡಿಸಿದರೆ ಇವುಗಳಲ್ಲಿ ಬಹುಪಾಲನ್ನು ಒಂದೇ ಮೇಜಿನ ಮೇಲೆ ಓದಬಹುದು. ಯಾವ ಲಿಪಿ ಎಂಬುದನ್ನು ಆಮೇಲೆ, ನಿಧಾನವಾಗಿ ಬಿಡಿಸಿಕೊಳ್ಳಬಹುದು.

ಡ್ರೈವಿಗೆ ಹಾಕುವ ಮೊದಲು ಬರಹ-ತಡೆ ಇದೆಯೇ ನೋಡಿ. ಐದೂಕಾಲು ಇಂಚಿನದರಲ್ಲಿ ಅಂಚಿನ ಕಚ್ಚನ್ನು ಪಟ್ಟಿಯಿಂದ ಮುಚ್ಚಿದರೆ ತಡೆ; 8 ಇಂಚಿನದರಲ್ಲಿ ತದ್ವಿರುದ್ಧ, ಕಚ್ಚು ತೆರೆದಿದ್ದರೆ ತಡೆ; ಮೂರೂವರೆ ಇಂಚಿನದರಲ್ಲಿ ಮೂಲೆಯ ಕಿಂಡಿ ತೆರೆದಿದ್ದರೆ ತಡೆ. ಇನ್ನೊಂದು ಮಾತು. 360 ಕಿಲೋಬೈಟಿನ ಐದೂಕಾಲು ಇಂಚಿನ ಡಿಸ್ಕನ್ನು 1.2 ಮೆಗಾಬೈಟಿನ ಡ್ರೈವಿನಲ್ಲಿ ಓದಬಹುದು, ಆದರೆ ಬರೆಯಬಾರದು. ಆ ಡ್ರೈವಿನ ಓದು-ಬರಹದ ತಲೆ ಎಳೆಯುವ ಜಾಡು ಕಿರಿದಾದ್ದರಿಂದ ಹಳೆಯ ಅಗಲ ಜಾಡಿನ ಅಂಚು ಅಳಿಯದೆ ಉಳಿದು, ಮೂಲ ಡ್ರೈವಿಗೆ ಹೊಸದೂ ಹಳೆಯದೂ ಒಟ್ಟಿಗೆ ಕೇಳಿಸುತ್ತದೆ. ಎಷ್ಟೋ ಲೈಬ್ರರಿಗಳ ‘ಕೆಟ್ಟ ಪ್ರತಿ’ಗಳ ಹಿಂದಿದ್ದ ಗುಟ್ಟು ಇದೇ.

ಬೂಷ್ಟಿನ ವಿಷಯದಲ್ಲಿ ನಮ್ಮದೇ ಅನುಭವವನ್ನು ಹೇಳಬೇಕು. ಡಿಸ್ಕಿನ ಓದುಗಿಂಡಿಯಲ್ಲಿ ಸಣ್ಣ ಬಿಳಿಯ ಚುಕ್ಕೆಗಳಿದ್ದುದನ್ನು ಕಂಡೂ, ಒಂದೇ ಸಲ ತಾನೇ ಎಂದು ಡ್ರೈವಿಗೆ ಹಾಕಿದೆವು. ಕೀರಲು ಸದ್ದೊಂದು ಕೇಳಿತು. ಹೊರತೆಗೆದಾಗ ಕಂದು ಲೇಪದ ಮೇಲೆ ದಾರದಷ್ಟು ಸಣ್ಣ, ಪಾರದರ್ಶಕವಾದ ಒಂದು ಉಂಗುರ ಬಿದ್ದಿತ್ತು. ಲೇಪ ಕಿತ್ತು ತಲೆಗೆ ಮೆತ್ತಿಕೊಂಡಿತ್ತು. ಅದನ್ನು ಒರೆಸದೆ ಹಾಕಿದ ಮುಂದಿನ ಡಿಸ್ಕಿಗೂ ಅದೇ ಗತಿಯಾಯಿತು, ಅದರಲ್ಲಿ ಯಾವ ದೋಷವೂ ಇರಲಿಲ್ಲ. ಅಂದಿನಿಂದ ಪ್ರತಿ ಡಿಸ್ಕನ್ನೂ ಕೈಯಲ್ಲಿ ತಿರುಗಿಸಿ ದೀಪಕ್ಕೆ ಹಿಡಿದು ನೋಡುತ್ತೇವೆ, ಸಂಶಯವಿದ್ದದ್ದನ್ನು ಬೇರೆ ಇಡುತ್ತೇವೆ, ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಆಗಾಗ ಒರೆಸುತ್ತೇವೆ.

ಪ್ರಶ್ನೆ: ಸಿಪಿ/ಎಂ ಡಿಸ್ಕೊಂದರಿಂದ ಫೈಲುಗಳನ್ನು ತೆಗೆದೆ. ಹಲವು ಹೆಸರುಗಳು ‘ಡಿಕ್ಯೂಸಿ’, ‘ಎಕ್ಯೂಎಂ’ ಎಂದು ಕೊನೆಗೊಳ್ಳುತ್ತವೆ. ತೆರೆದರೆ ಬರೀ ಅರ್ಥವಿಲ್ಲದ ಚಿಹ್ನೆಗಳು.

ಉತ್ತರ: ಫೈಲ್ ಕೆಟ್ಟಿಲ್ಲ, ಹಿಂಡಿಟ್ಟದ್ದು. ಜಾಗ ಉಳಿಸಲೆಂದು ಬಳಗದವರು ರಿಚರ್ಡ್ ಗ್ರೀನ್‌ಲಾ ಬರೆದ ‘ಸ್ಕ್ವೀಝ್’ ಪ್ರೋಗ್ರಾಮಿನಿಂದ ಫೈಲುಗಳನ್ನು ಕುಗ್ಗಿಸಿ, ಗುರುತಿಗಾಗಿ ಹೆಸರಿನ ಬಾಲದ ನಡುವಿನ ಅಕ್ಷರವನ್ನು ಕ್ಯೂ ಎಂದು ಬದಲಿಸುತ್ತಿದ್ದರು. ‘ಡಿಒಸಿ’ ಎಂಬುದು ‘ಡಿಕ್ಯೂಸಿ’ ಆಯಿತು, ಅಸೆಂಬ್ಲಿ ಭಾಷೆಯ ‘ಎಎಸ್‌ಎಂ’ ಎಂಬುದು ‘ಎಕ್ಯೂಎಂ’ ಆಯಿತು. ಹೆಚ್ಚು ಸಲ ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಕೊಡುವ ಹಫ್‌ಮನ್ ವಿಧಾನ ಇದರ ಹಿಂದಿದೆ. ಪರೀಕ್ಷಿಸಬೇಕೆಂದರೆ ಫೈಲಿನ ಮೊದಲ ಎರಡು ಬೈಟುಗಳನ್ನು ನೋಡಿ: ಹದಿನಾರರ ಎಣಿಕೆಯಲ್ಲಿ 76, ಆಮೇಲೆ ಎರಡು ಎಫ್. ಅದರ ಬೆನ್ನಿಗೇ ಎರಡು ಬೈಟುಗಳ ತಾಳೆಮೊತ್ತ (ಫೈಲ್ ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ), ಆಮೇಲೆ ಫೈಲಿನ ಮೂಲ ಹೆಸರು ಓದಲು ಬರುವಂತೆಯೇ ಇರುತ್ತದೆ. ಹೊರಗಿನ ಹೆಸರನ್ನು ಯಾರಾದರೂ ಬದಲಿಸಿದ್ದರೂ ಒಳಗಿನದು ಉಳಿದಿರುತ್ತದೆ. ಇವನ್ನು ಬಿಡಿಸುವ ಸಾಧನಗಳು ಇಂದಿನ ಯಂತ್ರಗಳಿಗೂ ಇವೆ.

‘ಎಲ್‌ಬಿಆರ್’ ಎಂಬ ಬಾಲವಿದ್ದರೆ ಅದು ಹಲವು ಫೈಲುಗಳನ್ನು ಒಂದರಲ್ಲಿ ಕಟ್ಟಿಟ್ಟ ಗಂಟು. ಆ 8 ಇಂಚಿನ ಡಿಸ್ಕಿನ ಪಟ್ಟಿಯಲ್ಲಿ 64 ನಮೂದುಗಳಿಗಷ್ಟೇ ಜಾಗವಿದ್ದುದರಿಂದ ಸಣ್ಣ ಫೈಲುಗಳು ಹೆಚ್ಚಾದರೆ ಡಿಸ್ಕ್ ಖಾಲಿಯಿದ್ದರೂ ಹೆಸರು ಬರೆಯಲು ಜಾಗವಿರುತ್ತಿರಲಿಲ್ಲ. ಕಟ್ಟುವುದನ್ನೂ ಹಿಂಡುವುದನ್ನೂ ಒಂದೇ ಪ್ರೋಗ್ರಾಂ ಮಾಡುವ ‘ಆರ್ಕ್’ 1985ರಲ್ಲೂ, ನಾವೆಲ್ಲ ಇಂದಿಗೂ ಬಳಸುವ ‘ಜಿಪ್’ 1989ರಲ್ಲೂ ಬಂದವು.

ಅದೇ ಡಿಸ್ಕಿನಲ್ಲಿ ಅಡ್ಡಗೆರೆಯಿಂದ ಶುರುವಾಗುವ ‘-ಕ್ಯಾಟಲಾಗ್’ ಎಂಬ ಫೈಲಿದೆಯೇ ನೋಡಿ. ವರ್ಣಾನುಕ್ರಮದಲ್ಲಿ ಅಡ್ಡಗೆರೆ ಅಕ್ಷರಗಳಿಗಿಂತ ಮೊದಲು ಬರುವುದರಿಂದ ಆ ಫೈಲ್ ಪಟ್ಟಿಯ ತಲೆಯಲ್ಲಿ ನಿಲ್ಲಲೆಂದು ಗ್ರಂಥಪಾಲಕರು ಹೂಡಿದ ಉಪಾಯವದು. ಪ್ರತಿ ಫೈಲಿನ ತಾಳೆಮೊತ್ತದ ಪಟ್ಟಿಯೂ ಜೊತೆಗಿದ್ದರೆ ನೀವು ಅದೃಷ್ಟವಂತರು. ನಿಮ್ಮ ಪ್ರತಿ ಮೂಲದಂತೆಯೇ ಇದೆಯೇ ಎಂಬುದನ್ನು ಇಷ್ಟು ವರ್ಷಗಳ ಮೇಲೂ ತಾಳೆ ನೋಡಬಹುದು.

ಪ್ರಶ್ನೆ: ಹಳೆಯ ಲೈಬ್ರರಿ ಡಿಸ್ಕುಗಳಲ್ಲಿ ವೈರಸ್ ಇದ್ದರೆ ನನ್ನ ಲ್ಯಾಪ್‌ಟಾಪಿಗೆ ಅಪಾಯವೇ?

ಉತ್ತರ: ಲ್ಯಾಪ್‌ಟಾಪಿಗೆ ಇಲ್ಲವೆಂದೇ ಹೇಳಬಹುದು. 1986ರ ‘ಬ್ರೈನ್’ ವೈರಸ್ 360 ಕಿಲೋಬೈಟ್ ಡಿಸ್ಕುಗಳ ಬೂಟ್ ಸೆಕ್ಟರಿನಲ್ಲಿ, ಯಂತ್ರ ಏಳುವಾಗ ಮೊದಲು ಓದುವ ಭಾಗದಲ್ಲಿ, ಕೂರುತ್ತಿತ್ತು, ಅಮಿಗಾದ ಮೊದಲ ವೈರಸ್‌ಗಳೂ ಹಾಗೆಯೇ. ಹಳೆಯ ಯಂತ್ರವನ್ನು ಅದೇ ಡಿಸ್ಕಿನಿಂದ ಎಬ್ಬಿಸಿದರೆ ಮಾತ್ರ ಅವು ಏಳುತ್ತವೆ. ಹಳೆಯ ಯಂತ್ರ ನಿಮ್ಮಲ್ಲಿದ್ದರೆ ಬರಹ-ತಡೆಯಿಲ್ಲದ ಡಿಸ್ಕನ್ನು ಅದರ ಬಳಿ ತರಬೇಡಿ. ಸೋಂಕಿರುವ ಡಿಸ್ಕಿನ ಇಮೇಜನ್ನು (ಇಡೀ ಡಿಸ್ಕಿನ ಯಥಾವತ್ತಾದ ನಕಲು-ಫೈಲನ್ನು) ತೊಳೆಯಲು ಹೋಗದೆ, ಹಾಗೆಯೇ ಉಳಿಸಿ ಹೆಸರಿನಲ್ಲೇ ಸೋಂಕನ್ನು ಸೂಚಿಸಿ.

ಪ್ರಶ್ನೆ: ನಾನೇ ಹಲವು ವರ್ಷ ಇಂಥದೊಂದು ಲೈಬ್ರರಿಯನ್ನು ನೋಡಿಕೊಂಡಿದ್ದೆ. ಈಗ ಎಲ್ಲವೂ ಅಂತರಜಾಲದಲ್ಲಿದೆಯಂತೆ. ಅಟ್ಟದ ಮೇಲಿರುವ ಡಿಸ್ಕುಗಳನ್ನೂ ಕಾಗದಪತ್ರಗಳನ್ನೂ ರದ್ದಿಗೆ ಹಾಕಿದರೆ ನಷ್ಟವೇನು ಎಂದು ಮಗ ಕೇಳುತ್ತಾನೆ.

ಉತ್ತರ: ತಮ್ಮ ಮಗನ ಮಾತು ಅರ್ಧ ಸರಿ. ಫಿಶ್ ಸರಣಿ, ಸಿಪಿ/ಎಂ ಬಳಗದ ಸಂಪುಟಗಳು, ಪಿಸಿಗಾಗಿ ಹೊರಬಂದ ದೊಡ್ಡ ಸಂಗ್ರಹಗಳು ಇವೆಲ್ಲ 1990ರ ದಶಕದಲ್ಲೇ ಸಿಡಿಗಳಿಗೆ ಏರಿ, ಅಲ್ಲಿಂದ ಜಾಲಕ್ಕೆ ಬಂದಿವೆ. ಅಂಥ ಡಿಸ್ಕುಗಳ ಇನ್ನೊಂದು ಪ್ರತಿಯನ್ನು ಉಳಿಸಲು ತಾವು ನಿದ್ರೆಗೆಡಬೇಕಿಲ್ಲ. ಬಳಗದ್ದೇ ಸಂಖ್ಯೆಯಿರುವ ಡಿಸ್ಕುಗಳ ಮಾತು ಬೇರೆ. ಸದಸ್ಯರು ಬರೆದು ಕೊಟ್ಟ ಪ್ರೋಗ್ರಾಂ, ಬೇರೆಡೆಯಿಂದ ತಂದದ್ದಕ್ಕೆ ಮಾಡಿದ ತಿದ್ದುಪಡಿ, ನಿರ್ದಿಷ್ಟ ಪ್ರಿಂಟರಿಗೆ ಹೊಂದಿಸಿಕೊಂಡ ಆವೃತ್ತಿ ಇರುವುದು ಅವುಗಳಲ್ಲೇ, ಮತ್ತು ಬಹುಪಾಲು ಬೇರೆಲ್ಲೂ ಇರುವುದಿಲ್ಲ. ಮೊದಲು ಅವನ್ನು ಓದಿಸಿ.

ಆದರೆ ನಮ್ಮನ್ನು ಕೇಳಿದರೆ, ಡಿಸ್ಕಿಗೂ ಮೊದಲು ಕಾಗದ. ಲೈಬ್ರರಿಯ ಮುಕ್ಕಾಲು ಬೆಲೆ ತಾವು ಮಾಡಿದ ಕೆಲಸದಲ್ಲಿದೆ: ಬಂದ ಪ್ರೋಗ್ರಾಮನ್ನು ಓಡಿಸಿ ನೋಡಿದ್ದು, ಯಾವ ಯಂತ್ರದಲ್ಲಿ ನಡೆಯುತ್ತದೆ ಯಾವುದರಲ್ಲಿ ಇಲ್ಲ ಎಂದು ಗುರುತಿಸಿದ್ದು, ಎರಡು ಸಾಲಿನ ವಿವರ ಬರೆದದ್ದು, ಲೇಖಕರ ಹೆಸರು, ಆವೃತ್ತಿ, ಸೋರ್ಸ್ ಇದೆಯೋ ಇಲ್ಲವೋ ಎಂಬುದನ್ನು ದಾಖಲಿಸಿದ್ದು. ಫಿಶ್ ಡಿಸ್ಕುಗಳಿಗೆ ಮನ್ನಣೆ ತಂದದ್ದೂ ಪ್ರತಿ ಪ್ರೋಗ್ರಾಮಿನ ಕೆಳಗಿದ್ದ ಅಂಥ ಟಿಪ್ಪಣಿಗಳೇ. ಇಂದು ಜಾಲದಲ್ಲಿ ಹೆಸರಿಲ್ಲದ ಇಮೇಜುಗಳು ರಾಶಿಗಟ್ಟಲೆ ಬಿದ್ದಿವೆ, ಅವುಗಳಲ್ಲಿ ಏನಿದೆಯೆಂದು ಹೇಳುವವರಿಲ್ಲ.

ಪಟ್ಟಿ, ಕಾರ್ಡುಗಳು, ಬಳಗದ ಸುದ್ದಿಪತ್ರ, ಲೇಖಕರು ಬರೆದ ಅನುಮತಿ ಪತ್ರಗಳು ಇವೆಲ್ಲವನ್ನೂ ಸ್ಕ್ಯಾನ್ ಮಾಡಿಸಿ. ಸದಸ್ಯರ ವಿಳಾಸಗಳಿರುವ ಪುಟಗಳನ್ನು ಬೇರೆ ತೆಗೆದಿಡಿ, ಅವು ಹಂಚತಕ್ಕವಲ್ಲ. ಪಟ್ಟಿಯಲ್ಲಿ ತಾವು ಗೆರೆ ಎಳೆದು ಹೊಡೆದುಹಾಕಿದ ಸಾಲುಗಳಿದ್ದರೆ ಅವನ್ನು ಬಿಡಬೇಡಿ. ಯಾವ ಪ್ರೋಗ್ರಾಮನ್ನು ಲೇಖಕರ ಆಕ್ಷೇಪಣೆಯಿಂದ ತೆಗೆದಿರಿ, ಯಾವುದನ್ನು ದೋಷವಿತ್ತೆಂದು ತೆಗೆದಿರಿ ಎಂಬುದು ನೆನಪಿರುವಾಗಲೇ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಡಿ. ಈ ಅಂಕಣದ ಎರಡನೆಯ ಪತ್ರದವರು ಹುಡುಕುತ್ತಿರುವ ಉತ್ತರ ಅಂಥ ಸಾಲುಗಳಲ್ಲಿದೆ.